ದೂರಿನ ಪೆಟ್ಟಿಗೆಯ ಕನ್ನಡ ಚೀಟಿ

ದೆಹಲಿಯ ದ್ವಾರಕಾದ ನಮ್ಮ ಬಾಲ್ಕನಿಗೆ ಇವತ್ತು ಎಲೆ ಸುಟ್ಟ ಹೊಗೆ ಬಂತು. ಚಿಕ್ಕವಳಿದ್ದಾಗ ಓದಿದ ಜನಕಪುರಿಯ ಶಾಲೆ ನೆನಪಾಯಿತು.

ಅಲ್ಲಿ ಮೇಡಂ ದೂರಿನ ಪೆಟ್ಟಿಗೆ ಇಟ್ಟು, "ಹೆಸರು ಬರೀಬೇಡಿ, ಯಾರದಂತ ಗೊತ್ತಾಗಲ್ಲ" ಅಂದಿದ್ದರು. ಪಿ.ಟಿ. ಸರ್ ದಿನಾ ನಮ್ಮ ಕಿಟಕಿ ಕೆಳಗೆ ಬೇವಿನೆಲೆ ಸುಡಿಸುತ್ತಿದ್ದರು, ಕೆಮ್ಮಿದವರಿಗೆ ಏಟು. ಊರಿಂದ ಹೊಸದಾಗಿ ಬಂದಿದ್ದ ನನಗೆ ಹಿಂದಿ ಬರೆಯಲು ಬರುತ್ತಿರಲಿಲ್ಲ. ಎಲ್ಲವನ್ನೂ ಕನ್ನಡದಲ್ಲೇ ಬರೆದು ಹಾಕಿದೆ. ಇಡೀ ಶಾಲೆಗೆ ಕನ್ನಡದವಳು ನಾನೊಬ್ಬಳೇ.

ಚೀಟಿ ಓದಿಸಲು ಅಪ್ಪನನ್ನೇ ಕರೆಸಿದರು. ಸರ್ ಎದುರಿಗೇ ನಿಂತಿದ್ದರು. ಅಪ್ಪ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿ, ಹಿಂದಿಯಲ್ಲಿ ಹೇಳಿದರು: "ಸರ್ ತುಂಬಾ ಒಳ್ಳೆಯವರು ಅಂತ ಬರೆದಿದ್ದಾಳೆ."

ಮನೆಗೆ ಬರುವಾಗ ನಾನು ಅವರ ಕೈ ಹಿಡಿಯಲಿಲ್ಲ.

ಇವತ್ತು ಅದೇ ಅಪ್ಪ ಕೆಮ್ಮುತ್ತಾ ಕೇಳಿದರು, "ಇದಕ್ಕೆ ಯಾರೂ ದೂರು ಕೊಡಲ್ವೇನೇ?"

"ಕೊಡ್ತೀನಪ್ಪ," ಅಂದೆ. "ಈ ಸಲ ಹಿಂದಿಯಲ್ಲೇ ಬರೀತೀನಿ."