ನೋವಿಗೆ ಹತ್ತಕ್ಕೆ ಎಷ್ಟು?

ಈ ಡಚ್ಚರ ದೇಶದಲ್ಲಿ ಡಾಕ್ಟರರ ಮುಖ ನೋಡಬೇಕಾದರೆ ಮೊದಲು ನೋವಿಗೆ ಅಂಕ ಕೊಡಬೇಕು. ಹತ್ತಕ್ಕೆ ಎಷ್ಟು ಎಂದು ಫೋನಿನಲ್ಲಿ ಅಸಿಸ್ಟೆಂಟ್ ಕೇಳುತ್ತಾಳೆ. ಮೈಸೂರಿನ ಕಾನ್ವೆಂಟಿನಲ್ಲಿ ನನಗೆ ಈ ಪಾಠ ಆಗಿರಲಿಲ್ಲ.

ಕೊರೊನಾ ಬಂದು ಯಜಮಾನರ ಕೆಲಸ ಮನೆಯಿಂದಲೇ ಎಂದಾದಾಗ ನಾವು ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಊರು ಬಿಟ್ಟು ಉತ್ತರದ ಡ್ರೆಂಥೆ ಪ್ರಾಂತ್ಯದ ಹಳ್ಳಿಯೊಂದಕ್ಕೆ ಬಂದೆವು. ದೊಡ್ಡ ಮನೆ, ಕಿಟಕಿಯಾಚೆ ಆಲೂಗಡ್ಡೆ ಹೊಲ, ಜನರಿಗಿಂತ ಕುರಿಗಳೇ ಹೆಚ್ಚು. ಇಲ್ಲಿ ಹೆಲ್ತ್ ಇನ್ಶೂರೆನ್ಸ್ ಕಡ್ಡಾಯ. ಕಾರ್ಡು ಪರ್ಸಿನಲ್ಲಿ ಭದ್ರವಾಗಿತ್ತು. ಡಾಕ್ಟರೇ ಇರಲಿಲ್ಲ. ಊರಿನ ಹೌಸ್‌ಆರ್ಟ್ಸ್, ಅಂದರೆ ಕುಟುಂಬ ವೈದ್ಯರು, ನಿವೃತ್ತರಾಗಿದ್ದರು. ಹೌಸ್‌ಆರ್ಟ್ಸ್ ಚೀಟಿಯಿಲ್ಲದೆ ಯಾವ ಸ್ಪೆಷಲಿಸ್ಟೂ ನೋಡುವುದಿಲ್ಲ. ಸುತ್ತಲಿನ ನಾಲ್ಕು ಊರುಗಳಲ್ಲಿ ಹೊಸ ರೋಗಿಗಳಿಗೆ ಜಾಗವಿಲ್ಲ ಎಂದರು. ಹದಿನಾಲ್ಕು ಕಿಲೋಮೀಟರ್ ದೂರದ ಐದನೆಯ ಊರಿನವರು ಹೆಸರು ಬರೆದುಕೊಂಡರು.

ಎಂಟು ವರ್ಷದ ಮಗಳು ಅದಿತಿಗೆ ಸೋಮವಾರ ಕಿವಿನೋವು ಶುರುವಾಯಿತು. ಮೈಸೂರಾಗಿದ್ದರೆ ಬೀದಿ ಕೊನೆಯ ಕ್ಲಿನಿಕ್ಕಿನ ಕಾಂಪೌಂಡರ್ ಮಗುವಿನ ಮುಖ ನೋಡಿಯೇ ಒಳಗೆ ಬಿಡುತ್ತಿದ್ದ. ಇಲ್ಲಿ ನಾನು ಫೋನು ಮಾಡಿ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಹಾಗೆ, ತೊಂದರೆ ಕೊಟ್ಟದ್ದಕ್ಕೆ ಮೊದಲು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ಹೆಚ್ಚು ಹೇಳಿದರೆ ಅತಿಯಾದೀತೆಂದು, "ನಾಲ್ಕು ಇರಬಹುದು" ಎಂದೆ.

"ಪ್ಯಾರಾಸಿಟಮಾಲ್ ಕೊಡಿ."

ಮಂಗಳವಾರವೂ ಅದೇ ಕ್ಷಮೆ; ಅಂಕ ಐದು; ಮತ್ತೆ ಪ್ಯಾರಾಸಿಟಮಾಲ್. ಬುಧವಾರ ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ.

"ಸ್ವಲ್ಪ ಗಟ್ಟಿಯಾಗಿ ಹೇಳೇ," ಎಂದರು ಯಜಮಾನರು, ಮೀಟಿಂಗಿನ ಮ್ಯೂಟ್ ಒತ್ತಿ.

"ಜಗಳಕ್ಕೆ ಹೋಗ್ಲಾ? ನೀವೇ ಮಾತಾಡಿ, ನೋಡೋಣ."

ಅವರು ಮೀಟಿಂಗಿಗೆ ಮರಳಿದರು.

ನಾನು ಮತ್ತೆ "ಸಾರಿ" ಎನ್ನುವಷ್ಟರಲ್ಲಿ ಅದಿತಿ ಫೋನು ಕಿತ್ತುಕೊಂಡು ಡಚ್‌ನಲ್ಲಿ ಹೇಳಿದಳು: "ಕಿವಿ ನಂದು. ಒಂಬತ್ತು. ಕೀವು ಬರ್ತಿದೆ. ಅಮ್ಮ ಮರ್ಯಾದೆಗೆ ಕಡಿಮೆ ಹೇಳ್ತಾಳೆ."

ಹತ್ತೂವರೆಗೆ ಬನ್ನಿ ಎಂದರು.

ಕಿವಿಯ ತಮಟೆ ಒಡೆದಿತ್ತು. ವಾಸಿಯಾಗುತ್ತದೆ ಎಂದು ಔಷಧಿ ಬರೆದ ಡಾಕ್ಟರಮ್ಮ ಮಾಸ್ಕಿನೊಳಗಿಂದಲೇ, "ಇಷ್ಟು ನೋವಿದೆ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಎಂದರು. ಮೂರು ದಿನದಿಂದ ಇನ್ನೇನು ಮಾಡುತ್ತಿದ್ದೆ ಎಂದು ಕಿರುಚಬೇಕೆನಿಸಿತು. ಬಾಯಿಂದ ಬಂದದ್ದು ಮಾತ್ರ "ಸಾರಿ". ಆ ಸಿಟ್ಟು ಇನ್ನೂ ಇಳಿದಿಲ್ಲ. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ಸಂಜೆ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ, ಮೈಸೂರಿನಿಂದ ಅಮ್ಮ: "ನೀನು ಹೇಗಿದ್ದೀಯೇ?"

"ಪರವಾಗಿಲ್ಲಮ್ಮ."

"ಸುಮ್ನಿರು. ಮೂಗು ಕೆಂಪಗಿದೆ. ಅತ್ತಿದ್ದೀಯ."

ಅಮ್ಮನಿಗೆ ಅಂಕ ಬೇಕಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದ ಅದಿತಿ ಪಕ್ಕದಿಂದ ಮೆಲ್ಲಗೆ, "ಎಷ್ಟಮ್ಮಾ, ಹತ್ತಕ್ಕೆ?" ಎಂದಳು. ನಾನು ಅಮ್ಮನ ಕಡೆಗೆ ನಗುತ್ತಲೇ, ಫೋನಿಗೆ ಕಾಣದಂತೆ ಮೇಜಿನ ಕೆಳಗೆ ಅವಳಿಗೆ ಏಳು ಬೆರಳು ತೋರಿಸಿದೆ.