ಬೂಷ್ಟಕ್ಕನ ಗಾಜಿನ ಮೇಲೆ ಎರಡು ಮರ

ಬೆಳಗಿನ ಆರು ಗಂಟೆ. ಉದ್ಯಾನದ ಮೂಲೆಯಲ್ಲಿ ಮುರಿದು ಬಿದ್ದ ಕೊಂಬೆಯೊಂದರ ಮುಂದೆ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತು, ಮೂಗು ತೊಗಟೆಗೆ ತಾಗುವಷ್ಟು ಬಗ್ಗಿದ್ದಾರೆ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಪುಟ್ಟ ಚಾಕು. ವಾಕಿಂಗ್ ಬಂದ ಹಿರಿಯರೊಬ್ಬರು ನಿಂತು, ಕಿವಿಯೋಲೆ ಏನಾದರೂ ಕಳೆಯಿತೇ ಎಂದು ವಿಚಾರಿಸುತ್ತಾರೆ.

“ಕಳೆದಿಲ್ಲ ಸರ್, ಸಿಕ್ಕಿದೆ” ಎನ್ನುತ್ತಾ ಆಕೆ ತೊಗಟೆಯ ಚೂರೊಂದನ್ನು ಮೇಲೆತ್ತಿ ತೋರಿಸುತ್ತಾರೆ. ಅದರ ಮೇಲೆ ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕಿಗಳು. ಹಿರಿಯರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಆಕೆಗೆ ಮಾತಿಗೆ ಪುರಸೊತ್ತಿಲ್ಲ. ಆರೂವರೆಗೆ ಕಸ ಗುಡಿಸುವವರು ಬಂದರೆ ಕೊಂಬೆ ಗಾಡಿ ಹತ್ತುತ್ತದೆ.

ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಈಕೆ ಅಟೆಂಡರ್. ಬಾಗಿಲು ತೆಗೆಯುವುದು, ಗಾಜಿನ ಸಾಮಾನು ತೊಳೆಯುವುದು ಹುದ್ದೆಯ ಕೆಲಸ. ಸತ್ತ ಮರದ ಮೇಲೆ ಮಸಿ ಸಿಡಿದಂತೆ ಕಾಣುವ ಶಿಲೀಂಧ್ರಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಇಂಥದ್ದೇ ಎಂದು ಹೇಳುವುದು ಯಾರೂ ವಹಿಸದೆ ತಾನಾಗಿ ಅಂಟಿಕೊಂಡ ಕೆಲಸ. ವಿದ್ಯಾರ್ಥಿಗಳ ಬಾಯಲ್ಲಿ ಆಕೆ ‘ಬೂಷ್ಟಕ್ಕ’. ಬೇಸರವಿಲ್ಲವೇ ಎಂದರೆ, ಹಿಂದಿನಿಂದ ಕರೆಯುವ ಹೆಸರುಗಳಲ್ಲಿ ಇದೇ ವಾಸಿ ಎಂದು ನಗುತ್ತಾರೆ.

ಓದಿದ್ದು ಹತ್ತನೆಯ ತರಗತಿ. ಇಪ್ಪತ್ತಾರು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ, ಕಣ್ಣು ಮಂಜಾಗುತ್ತಿದ್ದ ಪ್ರಾಧ್ಯಾಪಕರೊಬ್ಬರು ಮಸೂರದೊಳಗಿನ ಅಳತೆಪಟ್ಟಿಯ ಗೆರೆಗಳನ್ನು ಓದಿ ಹೇಳೆಂದು ಕೂರಿಸಿಕೊಂಡರು. ಗೆರೆ ಎಣಿಸುತ್ತಾ ಎಣಿಸುತ್ತಾ ಆಕೆಗೆ ಆ ಲೋಕದ ಹುಚ್ಚು ಹಿಡಿಯಿತು. ನಾಲಿಗೆ ತಿರುಗದ ಲ್ಯಾಟಿನ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು, ಪಾತ್ರೆ ತೊಳೆಯುತ್ತಲೇ ಬಾಯಿಪಾಠ ಮಾಡಿದರು. ಜನ ಮನೆಗೆ ತಾಜಾ ತರಕಾರಿ ತಂದರೆ ನಮ್ಮ ಸೊಸೆ ಕೊಳೆತ ಕಟ್ಟಿಗೆ ತರುತ್ತಾಳೆ ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಹಾಸ್ಯ ಮಾಡುತ್ತಾರೆ. ಆ ಕಟ್ಟಿಗೆಯನ್ನು ಬಿಸಿಲಿಗಿಟ್ಟು, ಮಳೆ ಹನಿದರೆ ಓಡಿಹೋಗಿ ಒಳಗೆ ತರುವವರೂ ಆ ಅತ್ತೆಯೇ.

ದಿನಕ್ಕೆ ಹನ್ನೆರಡು ಸ್ಲೈಡ್. ಚುಕ್ಕಿಯನ್ನು ಬ್ಲೇಡಿನಿಂದ ಸೀಳಿ, ನೀರಿನ ಹನಿಯಲ್ಲಿಟ್ಟು, ಮೇಲೆ ತೆಳುಗಾಜು ಒತ್ತಿದರೆ ಬೀಜಾಣುಗಳು ಹೊರಬರುತ್ತವೆ. ಪ್ರತಿ ಸ್ಲೈಡಿಗೆ ಇಪ್ಪತ್ತು ಬೀಜಾಣುಗಳನ್ನು ಅಳೆಯುತ್ತಾರೆ. ಅಳತೆ ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. “ಹೊರಗೆ ಎಲ್ಲಾ ಒಂದೇ ಕಪ್ಪು. ಒಳಗೆ ನೋಡಿದ್ರೆ ಒಂದೊಂದಕ್ಕೂ ಒಂದೊಂದು ಮುಖ” ಎನ್ನುತ್ತಾರೆ.

ಕಳೆದ ವರ್ಷ ಆ ಮುಖಗಳ ಪರಿಚಯ ಕೆಲಸಕ್ಕೆ ಬಂತು. ರಸ್ತೆಯಾಚೆಯ ಶಾಲೆಯ ಅಂಗಳದಲ್ಲಿ ಎರಡು ಹಳೆಯ ಮರಗಳಿದ್ದವು, ಗೇಟಿನ ಬಳಿ ಒಂದು, ನಡುವೆ ಒಂದು. ಎರಡಕ್ಕೂ ಕಪ್ಪು ಪದರ ಹತ್ತಿತ್ತು. ಕೆಳಗೆ ಮಕ್ಕಳು ಆಡುತ್ತಾರೆ, ಎರಡನ್ನೂ ಕಡಿಯಿರಿ ಎಂದು ನಗರದ ಮರಗಳ ಅಧಿಕಾರಿ ಬರೆದುಬಿಟ್ಟರು. ಮುಖ್ಯೋಪಾಧ್ಯಾಯಿನಿಗೆ ಜೀವ ಹೋದಂತಾಯಿತು. ಎರಡೂ ಮರದ ಚೂರುಗಳನ್ನು ಕಾಗದದಲ್ಲಿ ಸುತ್ತಿ ಕಾಲೇಜಿಗೆ ತಂದರು. ವಿಭಾಗದ ಮುಖ್ಯಸ್ಥೆ ಆ ಪೊಟ್ಟಣವನ್ನು ಬೂಷ್ಟಕ್ಕನ ಕೈಗಿಟ್ಟರು.

ಗೇಟಿನ ಬಳಿಯ ಮರದ ಚೂರಿನಲ್ಲಿ ಬೀಜಾಣು ಹತ್ತು ಮೈಕ್ರಾನ್. ಕ್ಷಾರದ ಹನಿ ಹಾಕಿದಾಗ ಕಿತ್ತಳೆ ಬಣ್ಣ ಬಿಟ್ಟಿತು. ಒಣಗಿದ ಕೊಂಬೆಯನ್ನಷ್ಟೇ ತಿಂದು ಬದುಕುವ ಸಾಧು ಪ್ರಾಣಿ ಅದು. ಅಂಗಳದ ನಡುವಿನ ಮರದ್ದು ಮೂವತ್ತು ದಾಟಿತ್ತು, ಬಣ್ಣವೂ ಬಿಡಲಿಲ್ಲ. ಬೇರಿನಿಂದ ಹೊಕ್ಕು, ಮೇಲೆ ಎಲೆ ಹಸಿರಾಗಿರುವಾಗಲೇ ಬುಡವನ್ನು ಟೊಳ್ಳು ಮಾಡುವ ಜಾತಿ. ಒಂದೇ ಅಳತೆಯನ್ನು ಆಕೆ ನಂಬಲಿಲ್ಲ. ತಾವೇ ಶಾಲೆಗೆ ಹೋಗಿ, ಎರಡೂ ಮರದ ಸುತ್ತ ಹೊಸ ಚೂರು ಕೆತ್ತಿ ತಂದು ಮೂರು ದಿನ ಅಳೆದರು. ಉತ್ತರ ಬದಲಾಗಲಿಲ್ಲ.

ಆ ನಡುವಿನ ಮರದಡಿಯೇ ಮುಖ್ಯೋಪಾಧ್ಯಾಯಿನಿ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದದ್ದು. ಎರಡೂ ಉಳಿಯುತ್ತವೆ ಎನ್ನುತ್ತೀರಿ ಅಂದುಕೊಂಡಿದ್ದೆ ಎಂದು ಅವರು ಮುಖ ಸಣ್ಣ ಮಾಡಿದರು.

“ನನಗೂ ಹಾಗೇ ಹೇಳ್ಬೇಕು ಅನ್ನಿಸ್ತು ಮೇಡಂ. ಮಕ್ಕಳ ತಲೆ ಮೇಲಿನ ವಿಷಯ, ಕಂಡದ್ದನ್ನೇ ಹೇಳ್ಬೇಕಲ್ಲ” ಎಂದರು ಬೂಷ್ಟಕ್ಕ.

ಅಧಿಕಾರಿ ವರದಿ ನೋಡಿ, ಪರೀಕ್ಷಿಸಿದವರ ಪದವಿ ಏನು ಎಂದು ಕೇಳಿದರು. ಮುಖ್ಯಸ್ಥೆ ತಾವೇ ಕೂತು ಮತ್ತೆ ನಲವತ್ತು ಬೀಜಾಣು ಅಳೆದು, ಸಹಿ ಹಾಕಿ, ‘ಪರೀಕ್ಷಿಸಿದವರು’ ಎಂಬಲ್ಲಿ ಅಟೆಂಡರ್ ಹೆಸರನ್ನೇ ಉಳಿಸಿದರು. ನಡುವಿನ ಮರವನ್ನು ಮೊದಲು ಕಡಿದರು. ಗರಗಸ ಬುಡಕ್ಕೆ ಇಳಿದಾಗ ಒಳಗಿನ ಕಟ್ಟಿಗೆ ರಸ್ಕಿನಂತೆ ಪುಡಿಪುಡಿಯಾಗಿ ಉದುರಿತು. ಅಧಿಕಾರಿ ಒಂದು ಹಿಡಿ ಪುಡಿಯನ್ನು ಎತ್ತಿಕೊಂಡು ಬೆರಳಲ್ಲಿ ಹೊಸಕಿ ನೋಡಿದರು. ಆಮೇಲೆ ನೋಡಲು ಬಂದಿದ್ದ ಬೂಷ್ಟಕ್ಕನತ್ತ ತಿರುಗಿ, “ಆ ಗೇಟಿನ ಮರಕ್ಕೆ ಏನು ಮಾಡೋಣ, ನೀವೇ ಹೇಳಿ ಅಮ್ಮ” ಎಂದರು.

ಒಣಕೊಂಬೆ ಸವರಿದರೆ ಸಾಕು ಎಂದರು ಬೂಷ್ಟಕ್ಕ. ಗೇಟಿನ ಮರ ಈ ವರ್ಷ ಮೈತುಂಬ ಚಿಗುರಿದೆ. ಒಂದನೇ ತರಗತಿ ಈಗ ಅದರ ನೆರಳಿಗೆ ಬಂದಿದೆ. ನಗರದ ಕಚೇರಿಯಿಂದ ತಿಂಗಳಿಗೆ ಏಳೆಂಟು ಪೊಟ್ಟಣ ಬರುತ್ತವೆ. ಯಾವ ಮರವನ್ನೂ ಆಕೆಗೆ ತೋರಿಸದೆ ಕಡಿಯುವುದಿಲ್ಲವಂತೆ.

ನಿಮಗೇನು ಬೇಕು ಎಂದು ಕೇಳಿದರೆ ಆಕೆ ಮೇಜಿನ ಮೇಲೆ ಕಣ್ಣಾಡಿಸುತ್ತಾರೆ. ಮೈಕ್ರೋಸ್ಕೋಪ್ ಹಳೆಯದಾದರೂ ಗಟ್ಟಿಯಾಗಿದೆಯಂತೆ, ಕನ್ನಡಕವನ್ನು ಮೊನ್ನೆಯಷ್ಟೇ ಬದಲಾಯಿಸಿದ್ದಾಗಿದೆಯಂತೆ.

“ಈ ಮೇಜಿನ ಹತ್ತಿರ ಇನ್ನೊಂದು ಸ್ಟೂಲ್ ಹಾಕಿಸಿಕೊಟ್ರೆ ಸಾಕು” ಎನ್ನುತ್ತಾರೆ ಕೊನೆಗೆ. “ಕಲೀಬೇಕು ಅಂತ ಯಾರಾದ್ರೂ ಬಂದ್ರೆ ನಿಂತ್ಕೊಂಡು ನೋಡೋದು ಕಷ್ಟ.”