ಅಣ್ಣನ ಲೆನ್ಸು, ನನ್ನ ಕ್ಯಾಮೆರಾ

ಗೆಳೆಯರೇ, ತೀರಿಹೋದ ಅಣ್ಣನ ಲೆನ್ಸು ಇಂದು ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೂತಿತು. ಅವನ ಫಿಲ್ಮ್ ಕ್ಯಾಮೆರಾಕ್ಕೆ ಇನ್ನೆಂದೂ ಕೂರುವುದಿಲ್ಲ. ಹೀಗೆ ಮಾಡಿಕೊಟ್ಟವರು ನಮ್ಮೂರ ಗಾಜಿಪುರದ ಲೇಥ್ ಮಿಸ್ತ್ರಿ ಖಾಜಾಸಾಬರು, ಅದೂ ಹೆಮ್ಮೆಯಿಂದ.

ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕಲು ಒಂದು ಉಂಗುರ ಮಾಡಿಕೊಡಿ ಎಂದು ಕೇಳಿದ್ದೆ. ಅವರು ಲೆನ್ಸಿನ ಹಿಂಬದಿಯನ್ನೇ ಅರದಿಂದ ಉಜ್ಜಿದ್ದರು.

“ಉಂಗುರ ಯಾಕ್ರೀ ಸಾಹೇಬ್ರ? ಆ ಕೊಕ್ಕಿ ಅಡ್ಡ ಬರ್ತಿತ್ತು, ಕೊಯ್ದು ಒಗದೀನಿ. ಎಷ್ಟು ಮಸ್ತ್ ಕೂತದ ನೋಡ್ರಿ!”

“ಹಳೇ ಕ್ಯಾಮೆರಾಕ್ಕೆ ಆ ಕೊಕ್ಕಿನೇ ಬೇಕಾಗಿತ್ತ್ರೀ.”

“ರೀಲಿನ ಕ್ಯಾಮೆರಾ ಈಗ ಯಾರು ಹಿಡೀತಾರ್ರೀ?”

ಹಿಡಿಯುವವರು ಕಮಲಾಪುರದಲ್ಲಿದ್ದಾರೆ, ನನ್ನ ಅತ್ತಿಗೆ. ಅಣ್ಣ ಹೋದಾಗ ಆ ಕ್ಯಾಮೆರಾದೊಳಗಿನ ರೀಲಿನಲ್ಲಿ ಇನ್ನೂ ಆರು ಫೋಟೊಗಳಿಗೆ ಜಾಗವಿತ್ತು. ಮಗಳ ಮದುವೆಯಲ್ಲಿ ಅದೇ ಲೆನ್ಸಿನಿಂದ ಆ ಆರನ್ನೂ ತೆಗೆಯಬೇಕೆಂದು ಅತ್ತಿಗೆ ಕಾದಿದ್ದರು. ನನ್ನ ಆಸೆಗಾಗಿ ಎರಡು ದಿನಕ್ಕೆಂದು ಲೆನ್ಸು ಕೊಟ್ಟಿದ್ದರು.

ನಡೆದದ್ದನ್ನು ಅತ್ತಿಗೆಗೆ ಫೋನಿನಲ್ಲಿ ಹೇಳಿದೆ.

“ಇರ್ಲಿ ಬಿಡ್ರಿ. ಅವ್ರು ತೆಗದಿದ್ದ ಫೋಟೊ ಅಷ್ಟೇ ತೊಳಸ್ರಿ.”

ಖಾಜಾಸಾಬರ ಕೈಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಅವರನ್ನು ಬೈಯಲೂ ಆಗಲಿಲ್ಲ.

ಆರು ಖಾಲಿ ಬಿಟ್ಟೇ ಸೋಮವಾರ ರೀಲನ್ನು ಅತ್ತಿಗೆಯಿಂದ ತಂದು, ತೊಳೆಯಲು ಲ್ಯಾಬಿಗೆ ಕೊಡುತ್ತೇನೆ.